ತಿರುಮಲೈಸಾಮಿ ಮಾವ ಲೆನ್ಸ್ ಆರಿಸಿದ್ದು

ನನ್ನ ಸೋದರಮಾವ ತಿರುಮಲೈಸಾಮಿ ತೆಂಗಿನಕಾಯಿ ಕೊಳ್ಳುವುದನ್ನು ಒಮ್ಮೆ ನೋಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಎಲ್ಲರೂ ಮಾಡುವ ಕೆಲಸ. ಮಾವ ಅಲ್ಲಾಡಿಸುತ್ತಾರೆ, ಬೆರಳ ಗೆಣ್ಣಿನಿಂದ ಬಡಿಯುತ್ತಾರೆ, ಜುಟ್ಟಿನ ಬುಡವನ್ನು ಮೂಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಅದನ್ನು ಅಲ್ಲೇ ಇಟ್ಟು, ಅಂಗಡಿಯವನ ಬೆನ್ನ ಹಿಂದಿನ ಮೂಟೆಯಿಂದ ತಾವೇ ಒಂದನ್ನು ಎಳೆದುಕೊಳ್ಳುತ್ತಾರೆ. ಮುಂದೆ ಇಟ್ಟದ್ದು ಗಿರಾಕಿಗೆ, ಹಿಂದೆ ಇಟ್ಟದ್ದು ಅವನ ಮನೆಗೆ ಎನ್ನುವುದು ಅವರ ಸಿದ್ಧಾಂತ. ಗ್ಯಾಸ್ ಸಿಲಿಂಡರ್ ಬಂದರೆ ತೂಗುತ್ತಾರೆ. ಹಾಲಿನವಳು ಎದುರಿಗೆ ನಿಂತಿರುವಾಗಲೇ ಹಾಲಿನ ನೀರು ಪರೀಕ್ಷೆ ಮಾಡುತ್ತಾರೆ. ಹೆಣ್ಣು ನೋಡಲು ಹೋದ ದಿನ ಎಲ್ಲರೂ ಹುಡುಗಿಯ ಮುಖ ನೋಡುತ್ತಿದ್ದರೆ ಇವರು ಅವಳ ಸೀರೆಯ ಸೆರಗು ಹಿಡಿದು ಪಿಕ್ ಗ್ಲಾಸ್ ಇಟ್ಟರಂತೆ. ಪಿಕ್ ಗ್ಲಾಸ್ ಎಂದರೆ ಮಡಚಿ ಜೇಬಿಗೆ ಹಾಕಿಕೊಳ್ಳುವ ಪುಟ್ಟ ಭೂತಗನ್ನಡಿ. ಬಟ್ಟೆಯ ಮೇಲಿಟ್ಟರೆ ಒಂದಿಂಚಿಗೆ ಎಷ್ಟು ಎಳೆ ಎಂದು ಎಣಿಸಬಹುದು. "ಎಂಬತ್ತು ಅಂದ್ರಿ, ಎಪ್ಪತ್ತಾರೇ ಇದೆ" ಎಂದು ತುಂಬಿದ ಸಭೆಯಲ್ಲಿ ಹೇಳಿದರಂತೆ. ಆ ಹುಡುಗಿ ಇವತ್ತಿನ ನನ್ನ ರಾಮಾಯಿ ಅತ್ತೆ. ಮೂವತ್ತು ವರ್ಷವಾಯಿತು, ಆ ನಾಲ್ಕು ಎಳೆಗಳ ಮಾತು ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ.

ನಮ್ಮದು ನೇಕಾರರ ಮನೆತನ. ಊರು ಸಿರುಮುಗೈ, ಮೆಟ್ಟುಪಾಳಯಂ ದಾಟಿ ಸ್ವಲ್ಪ ದೂರ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ತಮಿಳು. ನನ್ನ ಅಪ್ಪ ಕೊಳ್ಳೇಗಾಲದ ಕಡೆಯವರಾದ್ದರಿಂದ ನನಗೆ ಕನ್ನಡ ಬರೆಯಲು ಬರುತ್ತದೆ. ಮಾವನಿಗೆ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ ಎಂದು ಒಪ್ಪಿಕೊಳ್ಳುತ್ತೇನೆ.

ಆದರೆ ಮಾವ ಹುಟ್ಟಿನಿಂದ ಹೀಗಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ಇಪ್ಪತ್ತೆಂಟು ವರ್ಷ ಅವರು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಬಟ್ಟೆ ಚೆಕ್ಕಿಂಗ್ ಕೆಲಸದಲ್ಲಿದ್ದರು. ಮೊದಲ ವರ್ಷಗಳಲ್ಲಿ ಒಮ್ಮೆ ಬಣ್ಣ ಹಾಕುವವನು ಬಂದು, ಎಲ್ಲ ಒಂದೇ ಲಾಟ್, ಒಂದೇ ಸಲ ಬಣ್ಣಕ್ಕೆ ಅದ್ದಿದ್ದು, ಕಣ್ಣು ಮುಚ್ಚಿ ಸಹಿ ಹಾಕು ಅಂದನಂತೆ. ಇವರು ನಂಬಿ ಹಾಕಿದರು. ಟ್ಯೂಬ್‌ಲೈಟಿನಡಿ ಒಂದೇ ಬಣ್ಣವಾಗಿ ಕಂಡದ್ದು ಬಿಸಿಲಿಗೆ ತಂದರೆ ಎರಡಾಯಿತು. ಎರಡು ಬೇರೆ ಲಾಟಿನ ನೂಲು ಬೆರೆತಿತ್ತು. ಸರಕೆಲ್ಲ ವಾಪಸ್ಸು ಬಂತು. ಮ್ಯಾನೇಜರ್ ಅವರನ್ನು ಚೆಕ್ಕಿಂಗ್ ಟೇಬಲ್ ಮುಂದೆ ನಿಲ್ಲಿಸಿ, ಟೈಲರ್‌ಗಳೆಲ್ಲ ನೋಡುತ್ತಿರುವಾಗ, ಒಂದೊಂದೇ ರೋಲ್ ಬಿಚ್ಚಿಸಿ "ಇದು ಯಾವ ಬಣ್ಣ? ಇದು ಯಾವ ಬಣ್ಣ?" ಎಂದು ಕೇಳಿದರಂತೆ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮಾವ ಅಂದಿನಿಂದ ನೀರನ್ನೂ ಊದಿಯೇ ಕುಡಿಯುತ್ತಿದ್ದಾರೆ.

ಆರು ವರ್ಷದ ಹಿಂದೆ ತಿರುಪ್ಪೂರು ಬಿಟ್ಟು ಊರಿಗೆ ಬಂದರು. ಐದು ಮನೆಗಳಿಗೆ ರೇಷ್ಮೆ ನೂಲು ತೂಗಿ ಕೊಟ್ಟು, ಸೀರೆ ನೇಯಿಸಿ, ಫೋಟೋ ತೆಗೆದು ಫೋನಿನಲ್ಲೇ ಮಾರುವ ವ್ಯಾಪಾರ ಶುರುಮಾಡಿದರು. ನೂಲು ತೂಗಿ ಕೊಡುವುದು, ಸೀರೆ ತೂಗಿ ತೆಗೆದುಕೊಳ್ಳುವುದು ಕಸುಬಿನ ಹಳೆಯ ಪದ್ಧತಿ. ನಡುವೆ ನೂಲು ಕಳುವಾಗಬಾರದಲ್ಲ. ನಾಲ್ಕು ಮನೆಯವರ ಸೀರೆಗಳನ್ನು ಮಾವ ತೂಗಿ, ಬಿಚ್ಚಿ, ಎಣಿಸಿ, ಬೆಳಕಿಗೆ ಹಿಡಿದು ಗೋಳು ಹೊಯ್ದುಕೊಳ್ಳುತ್ತಿದ್ದರು. ಐದನೆಯವರು ಪೆರಿಯನಾಯಕಿ. ಮಾವನಿಗಿಂತ ಎರಡು ವರ್ಷಕ್ಕೆ ದೊಡ್ಡವರು, ಹಿಂದಿನ ಬೀದಿಯಲ್ಲೇ ಮನೆ, ಮಾವ ಅವರನ್ನು ಅಕ್ಕ ಎನ್ನುತ್ತಾರೆ, ನಮಗೆಲ್ಲ ದೊಡ್ಡಮ್ಮ. ನಲವತ್ತು ವರ್ಷದಿಂದ ಅದೇ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವರು. ಅವರ ಸೀರೆ ಬಂದರೆ ಮಾವ ಅಂಗೈಯಿಂದ ಒಮ್ಮೆ ಸವರಿ ಮಡಚಿ ಒಳಗಿಡುತ್ತಿದ್ದರು, ಅಷ್ಟೇ. ಇಡೀ ಜಗತ್ತಿನಲ್ಲಿ ಮಾವನ ಪರೀಕ್ಷೆಯಿಂದ ಪಾರಾದ ಒಂದೇ ಜೀವ ಅದು ಎಂದು ಅತ್ತೆ ಹೊಟ್ಟೆಕಿಚ್ಚಿನಿಂದ ಹೇಳುವುದುಂಟು.

ವ್ಯಾಪಾರಕ್ಕೆ ತೊಡಕಾದದ್ದು ಫೋಟೋ. ಮಾವ ಒಬ್ಬ ಮದುವೆ ಫೋಟೋಗ್ರಾಫರನಿಂದ ಹಳೆಯ ಕ್ಯಾಮೆರಾ ಕೊಂಡಿದ್ದರು. ಅದರ ಜೊತೆಗೆ ಬಂದ ಲೆನ್ಸು ಕತ್ತಲೆಗೆ ಹೆದರುವಂಥದ್ದು. ಸೀರೆಯ ಫೋಟೋ ಮಗ್ಗದ ಕೋಣೆಯಲ್ಲೇ ತೆಗೆಯಬೇಕು, ಕೈಮಗ್ಗದ್ದೇ ಎಂದು ಕೊಳ್ಳುವವರಿಗೆ ಗೊತ್ತಾಗಬೇಕು ಎನ್ನುವುದು ಮಾವನ ಹಟ. ಆ ಕೋಣೆಯಲ್ಲಿ ಬೆಳಕು ಅಂದರೆ ಛಾವಣಿಯ ಎರಡು ಗಾಜಿನ ಹೆಂಚು. ಫ್ಲಾಶ್ ಹಾಕಿದರೆ ಜರಿಯೆಲ್ಲ ಬಿಳಿ ತೇಪೆಯಾಗುತ್ತಿತ್ತು, ಹಾಕದಿದ್ದರೆ ಚಿತ್ರ ಮಸುಕು. ಮೈಸೂರಿನ ಒಬ್ಬ ಗಿರಾಕಿ, ಮಗಳ ಮದುವೆಗೆ ಒಟ್ಟಿಗೆ ಹನ್ನೆರಡು ಸೀರೆ ಕೇಳಿದ್ದ ಹೆಂಗಸು, ಮೊದಲ ಸೀರೆಯನ್ನೇ ಹಿಂದೆ ಕಳಿಸಿದರು. ಫೋಟೋದಲ್ಲಿ ನೇರಳೆ, ಕೈಗೆ ಬಂದಾಗ ಬದನೆಕಾಯಿ ಅಂದರಂತೆ.

ಫ್ಲಾಶ್ ಇಲ್ಲದೆ ಕೋಣೆಯ ಬೆಳಕಲ್ಲೇ ತೆಗೆಯಬೇಕಾದರೆ ಬಾಯಿ ಅಗಲವಾಗಿ ತೆರೆಯುವ ಲೆನ್ಸು ಬೇಕು, ಹತ್ತಿರ ದೂರ ಮಾಡದೆ ಒಂದೇ ಅಳತೆಯಲ್ಲಿ ನಿಲ್ಲುವಂಥದ್ದು ಎಂದು ಯಾರೋ ಹೇಳಿದರು. ಅದನ್ನು ಆರಿಸಲು ನನ್ನನ್ನು ಕರೆದರು. ಕೊಯಮತ್ತೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಕಣ್ಣಿನ ಪವರ್ ನೋಡುವ ಕೆಲಸ ನನ್ನದು. ಕನ್ನಡಕದ ಗಾಜು ಬಲ್ಲವಳಿಗೆ ಕ್ಯಾಮೆರಾದ ಗಾಜೂ ಗೊತ್ತಿರುತ್ತದೆ ಎಂದು ಮಾವನ ಎಣಿಕೆ. ಅದಕ್ಕಿಂತ ಮುಖ್ಯವಾಗಿ ಜೊತೆಗೊಂದು ಸಾಕ್ಷಿ ಬೇಕಿತ್ತು.

ಅಂಗಡಿ ಗಾಂಧಿಪುರದ ಒಂದು ಮಹಡಿ ಮೇಲೆ. ಮಾವ ಒಂದು ಚೀಲ ತಂದಿದ್ದರು. ಅದರಲ್ಲಿ ಕ್ಯಾಮೆರಾ, ಟಾರ್ಚು, ಒಂದು ಉಂಡೆ ದಾರ, ಒಂದು ತುಂಡು ರೇಷ್ಮೆ ಬಟ್ಟೆ. ಅಂಗಡಿಯವರ ಹೆಸರು ವಾದೀಶ, ನಲವತ್ತೈದರ ಸೌಮ್ಯ ಮನುಷ್ಯ. ನಾವಿಬ್ಬರೂ ನಮ್ಮೊಳಗೆ ಮಾತಾಡಿಕೊಳ್ಳುವುದು ಕೇಳಿ ಅವರ ಮುಖ ಅರಳಿತು.

"ನೀವು ನಮ್ಮವರೇನಾ? ಬನ್ನಿ ಸಾರ್, ಉಕ್ಕಾರಿ. ನಾವೂ ಮನೇಲಿ ಕನ್ನಡವೇ" ಅಂದರು.

ಮಾವ ಕೂರಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ಪಾರ್ತಿಯಾ, ನೋಡಿದ್ಯಾ? ಭಾಷೆ ತೆಗ್ದು ಮುಂದೆ ಇಟ್ಟ. ತಲೆ ಬೋಳ್ಸೋಕೆ ರೆಡಿ ಆಗ್ತಿದ್ದಾನೆ" ಅಂದರು. ಆಮೇಲೆ ಇಡೀ ಹೊತ್ತು ವಾದೀಶರು ಕನ್ನಡದಲ್ಲಿ ಕೇಳಿದರೆ ಇವರು ತಮಿಳಿನಲ್ಲಿ ಉತ್ತರ ಕೊಟ್ಟರು.

ಮಾವ ಐವತ್ತರ ಲೆನ್ಸು ಕೇಳಿದರು. ಸ್ಟ್ಯಾಂಡರ್ಡ್ ಅಂದರೆ ಐವತ್ತು ಮಿಲಿಮೀಟರು ಎಂದು ಯೂಟ್ಯೂಬಿನಲ್ಲಿ ಮೂರು ಜನ ಹೇಳಿದ್ದನ್ನು ಅವರು ಹೋಲಿಸಿ ನೋಡಿ ಬಂದಿದ್ದರು. ವಾದೀಶರು ಕ್ಯಾಮೆರಾ ತಿರುಗಿಸಿ ನೋಡಿ, "ನಿಮ್ಮ ಕ್ಯಾಮೆರಾ ಸೆನ್ಸರ್ ಚಿಕ್ಕದು ಸಾರ್. ಇದಕ್ಕೆ ಮೂವತ್ತೈದೇ ಸ್ಟ್ಯಾಂಡರ್ಡು. ಐವತ್ತು ಹಾಕಿದ್ರೆ ನೀವು ಹಿಂದೆ ಹೋಗ್ತಾ ಹೋಗ್ತಾ ರಸ್ತೆಗೆ ಬಂದ್ಬಿಡ್ತೀರಿ" ಅಂದರು.

ಕೇಳಿದ್ದೊಂದು, ತೋರಿಸುವುದೊಂದು. ಮಾವನ ಹುಬ್ಬು ಮೇಲಕ್ಕೆ ಹೋಯಿತು. ಅವರು ಚೀಲದಿಂದ ದಾರ ತೆಗೆದರು. ಮಗ್ಗದ ಕೋಣೆಯಲ್ಲಿ ಸೀರೆ ಹರಡುವ ಗೋಡೆಯಿಂದ ಎದುರಿನ ಗೋಡೆಯವರೆಗೆ ಅಳೆದು ಗಂಟು ಹಾಕಿ ತಂದಿದ್ದರು. ಒಂದು ತುದಿ ನನ್ನ ಕೈಗೆ ಕೊಟ್ಟು ನನ್ನನ್ನು ಗೋಡೆಗೆ ಒರಗಿಸಿ ಸೀರೆಯ ಬದಲು ನಿಲ್ಲಿಸಿದರು. ಐವತ್ತರಲ್ಲಿ ನನ್ನ ಕಾಲು ಕತ್ತರಿಸಿ ಹೋಯಿತು. ಮೂವತ್ತೈದರಲ್ಲಿ ತಲೆಯಿಂದ ಚಪ್ಪಲಿಯವರೆಗೆ ಬಂದೆ. ಮಾವ ಒಪ್ಪಿದರು, ಆದರೆ ಸೋತವರ ಮುಖ ಮಾಡಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು ಎನ್ನುವ ವಿಷಯ ಒಂದನ್ನು ಮಾತ್ರ ಪ್ರಶ್ನೆಯಿಲ್ಲದೆ ನಂಬಿದರು. ಹತ್ತಿಯ ನೂಲಿಗೂ ಹಾಗೇ, ನಂಬರು ಏರಿದಷ್ಟೂ ಎಳೆ ಸಣ್ಣ. ಕಸುಬಿನ ಬುದ್ಧಿಗೆ ಅದು ಸಲೀಸಾಗಿ ಇಳಿಯಿತು.

ಈಗ ಮೂವತ್ತೈದರಲ್ಲಿ ಎರಡು ಲೆನ್ಸು ಮೇಜಿನ ಮೇಲೆ ಕೂತವು. ಒಂದು ಹೊಸದು, ಬೆಲೆ ಹೆಚ್ಚು. ಇನ್ನೊಂದು ಯಾರೋ ಬಳಸಿ ಮಾರಿದ ಹಳೆಯದು, ಅರ್ಧ ಬೆಲೆಗೆ. ಎರಡರ ಬಾಯಿಯೂ ಹೆಚ್ಚು ಕಡಿಮೆ ಒಂದೇ ಅಗಲ. ವಾದೀಶರು ಹಳೆಯದನ್ನು ಮುಂದಕ್ಕೆ ತಳ್ಳಿದರು.

"ಸೀರೆಗೆ ಅಂದ್ರಲ್ಲ, ಇದು ತೊಗೊಳ್ಳಿ ಸಾರ್. ಹೊಸದು ರೊಂಬ ಶಾರ್ಪು. ನಿಮ್ಮ ಕ್ಯಾಮೆರಾಲಿ ಅಷ್ಟು ಶಾರ್ಪಾದ್ರೆ ಸಣ್ಣ ನೇಯ್ಗೆ ಮೇಲೆ ಒಂದೊಂದ್ಸಲ ಅಲೆ ಅಲೆ ಥರ ಬೀಳತ್ತೆ. ಹಳೇದು ಕೊಂಚ ಮೆತ್ತಗೆ, ಅದೇ ಬಟ್ಟೆಗೆ ಒಳ್ಳೇದು."

ನಾನಾಗಿದ್ದರೆ ಅಲ್ಲಿಗೆ ಮುಗಿಸಿ ಕಾಫಿಗೆ ಹೋಗುತ್ತಿದ್ದೆ. ಆದರೆ ಗಿರಾಕಿಗೆ ಕಡಿಮೆ ಬೆಲೆಯದನ್ನು ಕೊಳ್ಳು ಎನ್ನುವ ವ್ಯಾಪಾರಿಯನ್ನು ಮಾವ ಐವತ್ತಾರು ವರ್ಷದಲ್ಲಿ ಕಂಡಿರಲಿಲ್ಲ. "ಯಾಕೆ ತಳ್ತಿದ್ದಾನೆ ಅಂತ ಯೋಚ್ನೆ ಮಾಡು. ವರ್ಷಗಟ್ಟಲೆ ಹೋಗದೆ ಕೂತಿರೋ ಮಾಲು ಅದು" ಎಂದು ಪಿಸುಗುಟ್ಟಿದರು. ಹಳೆಯ ಲೆನ್ಸಿನ ಹಿಂದೆ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಒಂದು ಕಣ ಧೂಳು ಇತ್ತು. ಸಾಸಿವೆಯ ಕಾಲು ಭಾಗವೂ ಇರಲಿಲ್ಲ. ಮಾವ ನನ್ನ ಕಡೆ ತಿರುಗಿ, ಕಳ್ಳ ಸಿಕ್ಕಿದ ಎನ್ನುವ ಹಾಗೆ ತಲೆಯಾಡಿಸಿದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಗಟ್ಟಿಯಾಗಿ ಹೇಳಿದ್ದರೆ ಚೆನ್ನಾಗಿತ್ತು.

ಕೊನೆಯ ಪರೀಕ್ಷೆಗೆ ರೇಷ್ಮೆಯ ತುಂಡು ಹೊರಬಂತು. ಒಂದಿಂಚಿಗೆ ತೊಂಬತ್ತೆರಡು ಎಳೆ, ಮಾವನೇ ಮೂರು ಸಲ ಎಣಿಸಿದ್ದು. ಅದನ್ನು ಮೇಜಿನ ಮೇಲೆ ಹರಡಿ ಎರಡೂ ಲೆನ್ಸಿನಿಂದ ಹತ್ತಿರದಲ್ಲಿ ಫೋಟೋ ತೆಗೆದರು. ಆಮೇಲೆ ಕಂಪ್ಯೂಟರಿನ ಪರದೆಯ ಮುಂದೆ ಕೂತು ಪೆನ್ಸಿಲ್ ತುದಿಯಿಂದ ಎಳೆ ಎಣಿಸತೊಡಗಿದರು. ಅಂಗಡಿಗೆ ಬಂದ ಇಬ್ಬರು ಗಿರಾಕಿಗಳು ಇದನ್ನು ನೋಡುತ್ತ ನಿಂತುಬಿಟ್ಟರು. ಹಳೆಯ ಲೆನ್ಸಿನಲ್ಲಿ ಎಂಬತ್ತಾರರವರೆಗೆ ಬಂದು ಅಂಚು ಮಸುಕಾಯಿತು. ಹೊಸದರಲ್ಲಿ ತೊಂಬತ್ತೆರಡೂ ಸಾಲಾಗಿ ನಿಂತಿದ್ದವು. ಮಾವ ಇನ್ನೊಮ್ಮೆ ಎಣಿಸಿದರು. ತೊಂಬತ್ತೆರಡು.

"ಇದು ಸುಳ್ಳು ಹೇಳಲ್ಲ" ಎಂದು ಹೊಸದನ್ನು ಎತ್ತಿಕೊಂಡರು. ಯಾವುದನ್ನಾದರೂ ಹಾಗೆ ಪೂರ್ತಿಯಾಗಿ ನಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು. ವಾದೀಶರು ಇನ್ನೇನೋ ಹೇಳಲು ಬಾಯಿ ತೆರೆದವರು, ಇಂಥ ಗಿರಾಕಿಯ ಹತ್ತಿರ ಯಾಕೆ ಎಂದು ಬಿಲ್ಲು ಬರೆದರು.

ಮುಂದಿನದು ರಾಮಾಯಿ ಅತ್ತೆಯ ಬಾಯಿಂದ ನಾನು ಆಮೇಲೆ ಕೇಳಿದ್ದು. ಹೊಸ ಲೆನ್ಸಿನಲ್ಲಿ ಮೊದಲು ತೆಗೆದದ್ದು ಪೆರಿಯನಾಯಕಿ ದೊಡ್ಡಮ್ಮ ತಂದ ಸೀರೆ. ಮೈಸೂರಿನವರಿಗೆ ಕಳಿಸಬೇಕಾದದ್ದು, ಪಾರಿವಾಳದ ಕತ್ತಿನ ಬಣ್ಣ, ಮೈತುಂಬ ಒಂದು ಬುಟ್ಟಾ ಹೂವೂ ಇಲ್ಲದ ಸಪಾಟು ನೇಯ್ಗೆ. ದೊಡ್ಡಮ್ಮ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಮಾವ ಫೋಟೋ ತೆಗೆದು ಕ್ಯಾಮೆರಾದ ಹಿಂಬದಿ ನೋಡಿದರು. ಸೀರೆಯ ಮೇಲೆ ಅಡ್ಡಡ್ಡ ಪಟ್ಟೆಗಳು ಬಿದ್ದಿದ್ದವು, ಒಂದು ಹಸಿರಿಗೆ ತಿರುಗಿದ್ದು, ಒಂದು ಗುಲಾಬಿಗೆ. ಇನ್ನೊಂದು ತೆಗೆದರು. ಅದರಲ್ಲೂ ಇತ್ತು.

ಮಾವ ಸೀರೆಯನ್ನು ಬೆಳಕಿಗೆ ತಂದು ಬರಿಗಣ್ಣಿನಿಂದ ನೋಡಿದರು. ಏನೂ ಕಾಣಲಿಲ್ಲ. ಬೇರೆಯವರಾಗಿದ್ದರೆ ಕ್ಯಾಮೆರಾದಲ್ಲೇನೋ ಐಬು ಎನ್ನುತ್ತಿದ್ದರು. ಇವರು ತಮ್ಮ ಕಣ್ಣಿಗೇ ವಯಸ್ಸಾಯಿತು ಅಂದುಕೊಂಡರು. ತೊಂಬತ್ತೆರಡಕ್ಕೆ ತೊಂಬತ್ತೆರಡು ತೋರಿಸಿದ ಲೆನ್ಸು ಎದುರಿಗಿತ್ತು. ಲಾಟ್ ಬೆರೆತ ಬಟ್ಟೆ ಹೇಗಿರುತ್ತದೆ ಎಂದು ತಿರುಪ್ಪೂರಿನ ಆ ಟೇಬಲ್ಲು ಅವರಿಗೆ ಜನ್ಮಕ್ಕಾಗುವಷ್ಟು ಕಲಿಸಿತ್ತು. ಇವರು ಕೊಟ್ಟದ್ದು ಒಂದೇ ಲಾಟಿನ ನೂಲು. ಸೀರೆಯಲ್ಲಿ ಎರಡಿದೆ ಅಂದರೆ ಇವರ ನೂಲಿನಲ್ಲಿ ಸ್ವಲ್ಪ ಎಲ್ಲಿಗೋ ಹೋಗಿದೆ, ಬೇರೆಲ್ಲಿಂದಲೋ ತಂದು ತುಂಬಿಸಿದ್ದಾರೆ.

"ಅಕ್ಕ, ತಪ್ಪಾ ನೆನಸ್ಬೇಡಿ" ಅಂದರಂತೆ ಮಾವ. "ನಾನು ಕೊಟ್ಟ ನೂಲು ಪೂರಾ ಇದ್ರಲ್ಲೇ ಇದೆಯಾ?"

ದೊಡ್ಡಮ್ಮ ಲೋಟ ಕೆಳಗಿಟ್ಟರು. ನೇಕಾರರ ಬೀದಿಯಲ್ಲಿ ಆ ಪ್ರಶ್ನೆಗೆ ಒಂದೇ ಅರ್ಥ. "ತೂಕ ಹಾಕು ಸಾಮಿ" ಅಂದರು.

ಮಾವ ತೂಗಿದರು. ಗ್ರಾಮಿಗೆ ಗ್ರಾಮು ಸರಿಯಾಗಿತ್ತು. ಅತ್ತೆಗೆ ಹೋದ ಜೀವ ಬಂದಂತಾಯಿತಂತೆ. ಆದರೆ ಮಾವ ತಕ್ಕಡಿಯನ್ನೇ ನೋಡುತ್ತ, "ತೂಕ ಸರಿಯಾಗೇ ಇದೆ. ಅದೇ ನನಗೆ ಅನುಮಾನ" ಅಂದರು.

ದೊಡ್ಡಮ್ಮ ಎದ್ದು ಸೆರಗು ಸರಿಮಾಡಿಕೊಂಡು ಮನೆಗೆ ಹೋದರು. ಸೀರೆ ಅಲ್ಲೇ ಉಳಿಯಿತು. ಮಾವ ಮೈಸೂರಿನವರಿಗೆ ಅದನ್ನು ಕಳಿಸಲಿಲ್ಲ. ದೊಡ್ಡಮ್ಮನಿಗೆ ಮುಂದಿನ ಸೀರೆಯ ನೂಲಿನ ವಿಷಯ ಆಮೇಲೆ ಹೇಳುತ್ತೇನೆ ಅಂದರು. ಅವರ ಮಗ್ಗದ ಮೇಲೆ ಇನ್ನೂ ಅರ್ಧ ಸೀರೆ ಇತ್ತು.

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಎರಡು ವಾರ ಕಳೆದು ಒಂದು ಮಂಗಳವಾರ ಆಸ್ಪತ್ರೆಯಲ್ಲಿ ಹೆಸರು ಕೂಗಿದರೆ ನನ್ನ ಕೋಣೆಗೆ ಬಂದವರು ಪೆರಿಯನಾಯಕಿ ದೊಡ್ಡಮ್ಮ. ಬೆಳಿಗ್ಗೆಯ ಮೊದಲ ಬಸ್ಸಿಗೆ ಬಂದು ಟೋಕನ್ ತೆಗೆದು ಸಾಲಿನಲ್ಲಿ ಕೂತಿದ್ದರಂತೆ.

"ಏನು ದೊಡ್ಡಮ್ಮ, ನನಗೊಂದು ಫೋನ್ ಮಾಡಬಾರದಾ?"

"ಸುಮ್ಮಾ ನೋಡು ಗೋಕಿಲಾ. ನನಗೆ ಬಣ್ಣ ಸರಿಯಾಗಿ ಕಾಣ್ತದಾ ಇಲ್ವಾ ಅಂತ ನೋಡು."

ದೂರದ್ದು ನೋಡಿದೆ, ಹತ್ತಿರದ್ದು ನೋಡಿದೆ. ಓದುವ ಕನ್ನಡಕ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಬಣ್ಣಕ್ಕೆ ನಮ್ಮಲ್ಲೊಂದು ಪುಸ್ತಕವಿದೆ. ಬಣ್ಣದ ಚುಕ್ಕಿಗಳ ನಡುವೆ ಬೇರೆ ಬಣ್ಣದ ಚುಕ್ಕಿಗಳಿಂದ ಅಂಕಿ ಬರೆದಿರುತ್ತದೆ. ಪುಟ ತಿರುಗಿಸಿದ ಹಾಗೆ ದೊಡ್ಡಮ್ಮ ಹನ್ನೆರಡು, ಎಂಟು, ಇಪ್ಪತ್ತೊಂಬತ್ತು ಎಂದು ಒಂದೂ ಬಿಡದೆ ಹೇಳಿದರು. ನನಗಿಂತ ಬೇಗ ಹೇಳಿದರು. ಪುಸ್ತಕ ಮುಗಿದಾಗ ಅವರ ಮುಖದಲ್ಲಿ ಸಮಾಧಾನ ಬರಲಿಲ್ಲ.

"ಇದಕ್ಕಿಂತ ಸಣ್ಣ ವ್ಯತ್ಯಾಸ ಇರೋದು ಬೇರೆ ಪುಸ್ತಕ ಇಲ್ವಾ?" ಎಂದು ಕೇಳಿದರು.

ಆಗ ಕೂರಿಸಿ ವಿಷಯ ಕೇಳಿದೆ. ಅವರು ಮಾವನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. "ನೂಲು ನಾನು ಮುಟ್ಟಲಿಲ್ಲ, ಅದು ಆ ದೇವರಿಗೆ ಗೊತ್ತು. ಹಂಗಾದ್ರೆ ಆ ಪಟ್ಟೆ ಬಂದಿದ್ದೆಲ್ಲಿಂದ? ಸಾಮಿ ಫೋಟೋ ತೋರಿಸ್ದ, ನಾನೇ ನೋಡ್ದೆ. ನನ್ನ ಕಣ್ಣಿಗೆ ಕಾಣದೆ ಇಷ್ಟು ವರ್ಷ ಏನೇನು ನೇಯ್ದಿದ್ದೀನೋ" ಅಂದರು. ಮಗ್ಗದ ಮೇಲಿದ್ದ ಅರ್ಧ ಸೀರೆಯಲ್ಲಿ ಒಂದು ಮೊಳದಷ್ಟು ಹೊಕ್ಕಿನ ಎಳೆಯನ್ನು ಅನುಮಾನ ಬಂದು ಬಿಚ್ಚಿಹಾಕಿದ್ದರು. ಮತ್ತೆ ನೇಯ್ದು, ಮತ್ತೆ ಬಿಚ್ಚಿದ್ದರು.

ನನಗೆ ಮಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೊಡ್ಡಮ್ಮನನ್ನು ಬಸ್ಸು ಹತ್ತಿಸಿ ಬಂದವಳೇ ಫೋನ್ ಮಾಡಿ, ಆ ಫೋಟೋಗಳನ್ನು ಕಳಿಸಿ ಅಂದೆ.

"ಯಾಕೆ? ಅಕ್ಕ ನಿನ್ನ ಹತ್ರ ಬಂದಿದ್ರಾ? ನೀನೂ ಅವರ ಪಾರ್ಟಿಯಾ?" ಅಂದರು.

"ಹೌದು ಮಾವ, ಅವರ ಪಾರ್ಟಿಯೇ. ಮೊದಲು ಕಳಿಸಿ."

ಕಳಿಸಿದರು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ತೆರೆದೆ. ಪಟ್ಟೆಗಳು ಇದ್ದದ್ದು ನಿಜ. ಚಿತ್ರವನ್ನು ದೊಡ್ಡದು ಮಾಡಿದೆ, ಅವು ಜಾರಿ ಬೇರೆ ಕಡೆ ಹೋಗಿ ನಿಂತವು. ಚಿಕ್ಕದು ಮಾಡಿದೆ, ವಾಲಿದವು. ಎರಡನೆಯ ಫೋಟೋದಲ್ಲಿ ಮೊದಲನೆಯದರಲ್ಲಿ ಇದ್ದ ಜಾಗದಲ್ಲೇ ಇರಲಿಲ್ಲ. ನೇಯ್ದು ಮುಗಿಸಿದ ಸೀರೆಯಲ್ಲಿ ಪಟ್ಟೆ ಎದ್ದು ಓಡಾಡುವುದು ಎಲ್ಲಾದರೂ ಉಂಟೇ? ಅಂಗಡಿಯಲ್ಲಿ ವಾದೀಶರು ಅಲೆ ಅಂದದ್ದು ಆಗ ನೆನಪಾಯಿತು, ನನ್ನ ಮೇಲೂ ಸಿಟ್ಟು ಬಂತು.

ಫೋಟೋದಲ್ಲಿ ಪಟ್ಟೆ ಜಾಗ ಬದಲಿಸುತ್ತಿದೆ ಎಂದು ಹೇಳಿ ಶನಿವಾರ ಮಾವನನ್ನು ಅಂಗಡಿಗೆ ಕರೆಸಿದೆ. ಅವರು ಬಂದದ್ದು ಬೇರೆ ಲೆಕ್ಕಾಚಾರದ ಮೇಲೆ. ಬಿಲ್ಲು ಬರೆಯುವಾಗ ಅಂಗಡಿಯವನು ಲೆನ್ಸ್ ಬದಲಾಯಿಸಿದ್ದಾನೆ ಎಂದು ಅವರಿಗೀಗ ಗುಮಾನಿ. ಡಬ್ಬದ ಮೇಲಿನ ನಂಬರನ್ನು ಲೆನ್ಸಿನ ನಂಬರಿಗೆ ಹೋಲಿಸುತ್ತಲೇ ಮೆಟ್ಟಿಲು ಹತ್ತಿದರು. ವಾದೀಶರಿಗೆ ನಾನು ಫೋಟೋ ಮಾತ್ರ ತೋರಿಸಿದೆ, ನಡೆದದ್ದೇನೂ ಹೇಳಲಿಲ್ಲ.

"ಆವತ್ತೇ ಹೇಳಿದ್ನಲ್ಲ ಸಾರ್, ಅಲೆ ಬೀಳತ್ತೆ ಅಂತ" ಅಂದರು ಅವರು. ಮಾವ ಅಂದು ಸಣ್ಣ ಗೆರೆಯ ಅಂಗಿ ಹಾಕಿದ್ದರು. "ಇಲ್ಲೇ ನಿಂತ್ಕೊಳ್ಳಿ" ಎಂದು ಅವರನ್ನು ಗೋಡೆಗೆ ನಿಲ್ಲಿಸಿ, ಅದೇ ಲೆನ್ಸಿನಿಂದ ಒಂದು ಫೋಟೋ ತೆಗೆದರು. ಒಂದು ಹೆಜ್ಜೆ ಹಿಂದೆ ಹೋಗಿ ಇನ್ನೊಂದು. ಇನ್ನೊಂದು ಹೆಜ್ಜೆ, ಇನ್ನೊಂದು. ಪರದೆಯ ಮೇಲೆ ಸಾಲಾಗಿ ತೋರಿಸಿದರು. ಹತ್ತಿರದ್ದರಲ್ಲಿ ಅಂಗಿ ಅಂಗಿಯ ಹಾಗೇ ಇತ್ತು. ನಡುವಿನದರಲ್ಲಿ ಮಾವನ ಎದೆಯ ಮೇಲೆ ಹಸಿರು ಗುಲಾಬಿ ಪಟ್ಟೆಗಳು ಸುತ್ತಿಕೊಂಡಿದ್ದವು. ದೂರದ್ದರಲ್ಲಿ ಮತ್ತೆ ಇರಲಿಲ್ಲ.

"ಬಟ್ಟೆ ಎಳೆ ಒಂದು ಬಲೆ, ಕ್ಯಾಮೆರಾ ಒಳಗಿನ ಚುಕ್ಕಿಗಳು ಒಂದು ಬಲೆ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಬಿದ್ರೆ ಅಲೆ ಕಾಣಲ್ವಾ, ಅಷ್ಟೇ ಇದು" ಅಂದರು ವಾದೀಶರು. "ಹತ್ತಿರದಿಂದ ತೆಗೆದ್ರೆ ಬರಲ್ಲ. ಆವತ್ತು ನೀವು ಹತ್ತಿರದಿಂದ ತೆಗೆದು ಎಣಿಸಿದ್ರಿ. ಪೂರಾ ಸೀರೆ ಬರೋ ದೂರದಲ್ಲಿ ತೆಗೆದು ನೋಡಿ ಅಂತ ಹೇಳೋಣ ಅಂತಿದ್ದೆ."

ಮಾವ ಅಂಗಿಯನ್ನು ಮುಟ್ಟಿ ನೋಡಿಕೊಂಡರು. ಪರದೆ ನೋಡಿದರು. ಎದುರುವಾದ ಮಾಡುತ್ತಾರೆ, ಬೇರೆ ಅಂಗಡಿಯಲ್ಲಿ ಕೇಳೋಣ ಅನ್ನುತ್ತಾರೆ ಎಂದು ನಾನು ಕಾದೆ. ಅವರು ಮೊದಲ ಸಲ ವಾದೀಶರಿಗೆ ಕನ್ನಡದಲ್ಲಿ, "ನೀವು ಹೇಳಿದ್ರಿ. ನಾನು ಕೇಳಲಿಲ್ಲ" ಅಂದರು. ಅಷ್ಟು ಹೇಳುವಷ್ಟರಲ್ಲಿ ಅವರ ದನಿ ಒಡೆದಿತ್ತು. ಪಾಪ, ವಾದೀಶರು ಲೆನ್ಸಿಗಾಗಿ ಇಷ್ಟು ದುಃಖವೇ ಎಂದು ಗಾಬರಿಯಾಗಿ ನೀರು ತರಿಸಿದರು.

ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಮುಖಮಾಡಿ ಕೂತರು. ಮೆಟ್ಟುಪಾಳಯಂ ದಾಟಿದ ಮೇಲೆ, "ನನ್ನ ಮ್ಯಾನೇಜರ್ ನನ್ನನ್ನ ಟೇಬಲ್ ಮುಂದೆ ನಿಲ್ಲಿಸ್ದ. ನಾನು ಅಕ್ಕನ್ನ ನಿಲ್ಲಿಸ್ದೆ. ಆವತ್ತು ನನ್ನ ಬಟ್ಟೇಲಿ ತಪ್ಪಾದ್ರೂ ಇತ್ತು" ಅಂದರು.

ಇಳಿದವರು ಮನೆಗೆ ಹೋಗದೆ ನೇರ ಹಿಂದಿನ ಬೀದಿಗೆ ನಡೆದರು. ದೊಡ್ಡಮ್ಮ ಹೊರಗೆ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು, ಪಕ್ಕದ ಮನೆಯವರೂ ಇದ್ದರು. ಮಾವ ಎಲ್ಲರ ಎದುರಿಗೆ ನಿಂತು, "ಅಕ್ಕ, ನಿಮ್ಮ ಸೀರೆಯಲ್ಲಿ ಏನೂ ಇಲ್ಲ. ಪಟ್ಟೆ ಕ್ಯಾಮೆರಾದ್ದು. ತಪ್ಪು ನಂದು, ಮನ್ನಿಸ್ಬಿಡಿ" ಅಂದರು. ಕೈಮುಗಿದರು.

ದೊಡ್ಡಮ್ಮ ಅವರ ಕೈ ಹಿಡಿದು ಇಳಿಸಿದರು. "ಪರವಾಯಿಲ್ಲ ಬಿಡು ಸಾಮಿ. ಕೂತ್ಕೋ, ಕಾಫಿ ಕುಡಿ" ಅಂದರು. ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದ ಜೀವ ಅದು. ನಾನು ಕಥೆ ಮುಗಿಯಿತು ಅಂದುಕೊಂಡೆ. ಮಾವನೂ ಹಾಗೇ ಅಂದುಕೊಂಡಿರಬೇಕು. ಮರುದಿನವೇ ಪಾರಿವಾಳದ ಬಣ್ಣದ ಸೀರೆಯನ್ನು ಒಂದು ಹೆಜ್ಜೆ ಹಿಂದೆ ನಿಂತು ಫೋಟೋ ತೆಗೆದು ಮೈಸೂರಿಗೆ ಕಳಿಸಿದರು. ಆ ಹೆಂಗಸಿಗೆ ಅದು ಎಷ್ಟು ಹಿಡಿಸಿತೆಂದರೆ ಮಿಕ್ಕ ಹನ್ನೊಂದನ್ನೂ ಅದೇ ಕೈಯಲ್ಲಿ ನೇಯಿಸಿ ಅಂದರು. ಮಾವ ತಾವೇ ನೂಲು ಹೊತ್ತುಕೊಂಡು ಹೋಗಿ ಕೊಟ್ಟು ಬಂದರು, ತೂಗಲಿಲ್ಲ.

ಮುಂದಿನ ಸೀರೆ ಬರುವ ದಿನ ನಾನೂ ಊರಿನಲ್ಲಿದ್ದೆ. ಹತ್ತು ದಿನಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ದೊಡ್ಡಮ್ಮ ಹದಿನೇಳು ದಿನ ತೆಗೆದುಕೊಂಡಿದ್ದರು. ನಾಲ್ಕು ಸಲ ಲಾಳಿ ಓಡಿಸಿ ನಿಲ್ಲಿಸುತ್ತಾರೆ, ಬಗ್ಗಿ ನೋಡುತ್ತಾರೆ, ಮತ್ತೆ ನಾಲ್ಕು, ಮತ್ತೆ ನಿಲ್ಲಿಸುತ್ತಾರೆ ಎಂದು ಅತ್ತೆ ಹೇಳಿದರು. ದೊಡ್ಡಮ್ಮ ಬಂದು ಸೀರೆಯ ಗಂಟು ಬಿಚ್ಚಿದರು. ಮಾವ ಸಂತೋಷದಿಂದ ಅಂಗೈಯಲ್ಲಿ ಒಮ್ಮೆ ಸವರಿ ಮಡಚಲು ಹೋದರು. ದೊಡ್ಡಮ್ಮ ಸೀರೆಯನ್ನು ಅವರ ಕೈಯಿಂದ ಬಿಡಿಸಿಕೊಂಡು, ಗಾಜಿನ ಹೆಂಚಿನ ಬೆಳಕು ಬೀಳುವ ಕಡೆ ನೆಲದ ಮೇಲೆ ಪೂರ್ತಿಯಾಗಿ ಹರಡಿದರು.

"ನೋಡು" ಅಂದರು.

"ಬೇಡ ಅಕ್ಕ. ನೋಡೋದೇನಿದೆ, ನಿಮ್ಮ ಕೈಯಿದು."

"ಈ ಕೊನೆಯಿಂದ ಆ ಕೊನೆವರೆಗೂ ನೋಡ್ಬಿಡು. ಗೋಕಿಲಾ, ನೀನೂ ನೋಡು."

"ನನಗೆ ನಂಬಿಕೆ ಇದೆ ಅಕ್ಕ" ಅಂದರು ಮಾವ. ಅವರ ಕಣ್ಣು ತುಂಬಿತ್ತು.

"ನಿನಗಿದೆ ಸಾಮಿ" ಅಂದರು ದೊಡ್ಡಮ್ಮ, ಸೀರೆಯ ಮೇಲಿಂದ ಕಣ್ಣು ತೆಗೆಯದೆ. "ನನಗೇ ಇಲ್ಲ."